ಬ್ರಿಟನ್ನಿನ ಕುರಿಗಳು, ಒಂದು ಜಿರಾಫೆ ಮತ್ತು ವಾರಿಜಾಕ್ಷಿಯಮ್ಮನ ವೀಸಾ

ಪ್ರವಾಸದ ಕಂಪನಿಯೊಂದಕ್ಕೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಹೋದ ತಿಂಗಳು ನಮ್ಮ ಮನೆಗೆ ಬಂದಿದ್ದಳು. ಧಾರವಾಡದ ಕಡೆಯವಳೇ. ಚಹಾ ಕುಡಿಯುತ್ತ, ‘ಆಂಟಿ, ಈ ಕೆಲಸದಾಗ ಊರೂರು ತಿರುಗೋದೆಲ್ಲ ಫ್ರೀ ಅಲ್ರಿ?’ ಎಂದು ಕೇಳಿದಳು. ‘ಹೌದವ್ವಾ, ಎಲ್ಲಾ ಫ್ರೀ’ ಎಂದೆ. ಮೊದಲ ವಾರದಲ್ಲೇ ಮಗುವನ್ನು ಯಾಕೆ ಹೆದರಿಸಬೇಕು? ಅವಳು ಹೋದ ಮೇಲೆ ಮನಸ್ಸಿಗೆ ಸಮಾಧಾನವಾಗಲಿಲ್ಲ. ಅವಳಿಗೆ ಹೇಳದೆ ಬಿಟ್ಟದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಸ್ಟುಟ್‌ಗಾರ್ಟ್ ಸಮೀಪದ ಒಂದು ಸಣ್ಣ ಪ್ರವಾಸ ಕಚೇರಿಯಲ್ಲಿ ರೈಸೆಲೈಟರಿನ್ ಆಗಿದ್ದೆ. ಅಂದರೆ ಬಸ್ಸಿನ ಮುಂದೆ ಮೈಕು ಹಿಡಿದು, ರಸ್ತೆಗೆ ಬೆನ್ನು ತಿರುಗಿಸಿ ನಿಲ್ಲುವವಳು. ಯುರೋಪಿನ ಅರ್ಧ ಸೌಂದರ್ಯವನ್ನು ನಾನು ಪ್ರಯಾಣಿಕರ ಮುಖ ನೋಡಿ ಊಹಿಸಿಕೊಂಡಿದ್ದೇನೆ. ಆ ಮುಖಗಳಲ್ಲಿ ಬಹುಪಾಲು ನಿದ್ದೆ ಮಾಡುತ್ತಿದ್ದವು. ಹಾಗಾಗಿ ಈ ಬರಹದಲ್ಲಿ ವರ್ಣನೆ ಕಡಿಮೆ. ಬಡ್ತಿಯ ವಿಷಯವೂ ಇಲ್ಲ. ಒಂದೇ ಒಂದು ಬಡ್ತಿ ಬಂದಿತ್ತು, ಅದರ ಜೊತೆಗೆ ಕಚೇರಿಯ ಕೀಲಿಕೈ ಕೊಟ್ಟು ದಿನಾ ಅರ್ಧ ಗಂಟೆ ಮೊದಲು ಬಂದು ಬಾಗಿಲು ತೆಗೆಯಲು ಹೇಳಿದ್ದರು. ನಾನು ಬರೆಯಹೊರಟಿರುವುದು ನನ್ನದೊಂದು ತಪ್ಪಿನ ಬಗ್ಗೆ. ಮಗಳ ಬಾಣಂತನಕ್ಕೆಂದು ಜರ್ಮನಿಗೆ ಬಂದಿದ್ದ ತಾಯಿಯೊಬ್ಬರನ್ನು ಇಂಗ್ಲೆಂಡಿನ ಪ್ರಾಣಿಪಕ್ಷಿ ತೋರಿಸುತ್ತೇನೆಂದು ಕರೆದುಕೊಂಡು ಹೋಗಿ, ವಾಪಸು ತರಲಾಗದೆ ಜರ್ಮನಿಯ ಬಾಗಿಲ ಹೊರಗೆ ನಿಲ್ಲಿಸಿದ ತಪ್ಪು.

ಮೊದಲು ನಮ್ಮ ಒಡತಿಯ ಪರಿಚಯ. ಫ್ರಾವ್ ಕ್ಲೈನ್, ಅಂದರೆ ಶ್ರೀಮತಿ ಕ್ಲೈನ್, ಸಂದರ್ಶನದಲ್ಲಿ ನನಗೆ ಕೇಳಿದ್ದು ಎರಡೇ ಪ್ರಶ್ನೆ. ‘ನಿಮಗೆ ಇಂಡಿಯನ್ ಭಾಷೆ ಬರುತ್ತದೆಯೇ?’ ‘ಚೆನ್ನಾಗಿ ಬರುತ್ತದೆ.’ ‘ಬಸ್ಸಿನಲ್ಲಿ ವಾಂತಿಯಾಗುತ್ತದೆಯೇ?’ ‘ಇಲ್ಲ.’ ಅಲ್ಲಿಗೆ ನನ್ನ ಎಂ.ಎ. ಪದವಿಗೆ ಕೊನೆಗೂ ಒಂದು ಬೆಲೆ ಸಿಕ್ಕಿತು.

ಅದು ಜರ್ಮನಿ ಗ್ರೀನ್ ಕಾರ್ಡ್ ಕೊಡಲು ಶುರು ಮಾಡಿದ್ದ ಕಾಲ. ಕಂಪ್ಯೂಟರ್ ಬಲ್ಲ ಹುಡುಗರು ಬೆಂಗಳೂರಿನಿಂದ, ಹುಬ್ಬಳ್ಳಿಯಿಂದ, ಮಂಗಳೂರಿನಿಂದ ಬಂದು ಇಳಿಯುತ್ತಿದ್ದರು. ಭಾನುವಾರ ಅಂಗಡಿಗಳೆಲ್ಲ ಮುಚ್ಚಿರುವ ಊರಿನಲ್ಲಿ ಏನು ಮಾಡಬೇಕೆಂದು ತಿಳಿಯದೆ ರೈಲು ನಿಲ್ದಾಣಕ್ಕೆ ಹೋಗಿ ಜನರನ್ನು ನೋಡಿಕೊಂಡು ಬರುತ್ತಿದ್ದರು. ಇವರಿಗೆ ಪ್ರವಾಸ ಮಾರಬೇಕೆಂದು ಫ್ರಾವ್ ಕ್ಲೈನ್‌ಗೆ ಹೊಳೆಯಿತು. ಪ್ಯಾರಿಸ್, ಲಂಡನ್, ಸ್ವಿಟ್ಜರ್‌ಲೆಂಡ್ ಆಗಲೇ ದೊಡ್ಡ ಕಂಪನಿಗಳ ಕೈಯಲ್ಲಿದ್ದವು. ಆದರೆ ನಮ್ಮ ಒಡತಿ ಆರು ವಾರ ಯೋಗದ ತರಗತಿಗೆ ಹೋಗಿದ್ದರು. ಭಾರತೀಯರ ಅಂತರಂಗ ಅವರಿಗೆ ಪೂರ್ತಿ ಅರ್ಥವಾಗಿತ್ತು. ‘ನಿಮ್ಮವರು ಪ್ರಕೃತಿಯ ಆರಾಧಕರು, ಫ್ರಾವ್ ಗಿರಿಜಾ. ಅವರಿಗೆ ಅರಮನೆ ಬೇಡ. ಬೆಟ್ಟ ಬೇಕು, ಹಕ್ಕಿ ಬೇಕು, ಮೌನ ಬೇಕು’ ಎಂದರು. ಮೌನ ಬೇಕೆನ್ನುವ ನಮ್ಮವರನ್ನು ನಾನು ಅದುವರೆಗೆ ಕಂಡಿರಲಿಲ್ಲ. ಆದರೆ ಕೆಲಸಕ್ಕೆ ಸೇರಿ ಎಂಟೇ ದಿನವಾಗಿತ್ತು, ಸುಮ್ಮನಿದ್ದೆ. ಹೀಗೆ ‘ಗ್ರೀನ್ ಕಾರ್ಡಿನವರಿಗೆ ಹಸಿರು ಬ್ರಿಟನ್’ ಎಂಬ ಆರು ದಿನಗಳ ಪ್ರವಾಸ ಹುಟ್ಟಿತು. ಎರಡು ರಾಷ್ಟ್ರೀಯ ಉದ್ಯಾನ, ಒಂದು ಹಕ್ಕಿಧಾಮ, ಒಂದು ಮೃಗಾಲಯ.

ಮೊದಲ ಪ್ರವಾಸದಲ್ಲಿ ಬಸ್ಸು ಪೀಕ್ ಡಿಸ್ಟ್ರಿಕ್ಟ್‌ನ ನಟ್ಟನಡುವೆ ಹೋಗುತ್ತಿದ್ದಾಗ ನವೀನ ಎಂಬ ಇಂಜಿನಿಯರ್ ಎದ್ದು ನಿಂತ. ಮೈಸೂರಿನವನು, ಮುಂದೆ ನಮ್ಮ ಎಲ್ಲ ಪ್ರವಾಸಕ್ಕೂ ಬಂದು, ಎಲ್ಲದರ ಮೇಲೂ ದೂರು ಕೊಟ್ಟವನು.

‘ಮೇಡಂ, ನ್ಯಾಷನಲ್ ಪಾರ್ಕ್ ಎಷ್ಟೊತ್ತಿಗೆ ಬರುತ್ತೆ?’

‘ಒಂದು ತಾಸಿನಿಂದ ಅದರೊಳಗನ ಇದೀವಲ್ಲಪಾ.’

‘ಗೇಟೇ ಬರ್ಲಿಲ್ಲ?’

‘ಗೇಟ್ ಇಲ್ಲ.’

‘ಟಿಕೆಟ್ಟು?’

‘ಅದೂ ಇಲ್ಲ.’

‘ಮತ್ತೆ ಪ್ರಾಣಿ?’

ಕಿಟಕಿಯ ಹೊರಗೆ ಕುರಿಗಳು ಮೇಯುತ್ತಿದ್ದವು. ನಾನು ಅತ್ತ ಕೈ ತೋರಿಸಿದೆ.

‘ಇದಕ್ಕಾ ಮೇಡಂ ನಾನು ಬ್ರಿಟಿಷ್ ವೀಸಾಗೆ ಡ್ಯೂಸೆಲ್‌ಡಾರ್ಫ್‌ವರೆಗೂ ಹೋಗಿ ಕ್ಯೂ ನಿಂತಿದ್ದು? ಕುರಿ ನಮ್ಮ ನಂಜನಗೂಡು ರೋಡಲ್ಲೇ ಅಡ್ಡ ಬರ್ತಾವೆ.’

ಬ್ರಿಟನ್ನಿನ ರಾಷ್ಟ್ರೀಯ ಉದ್ಯಾನವೆಂದರೆ ಬಂಡೀಪುರವಲ್ಲ, ಅದರೊಳಗೆ ಊರುಗಳಿವೆ, ಹೊಲಗಳಿವೆ, ಅಂಚೆ ಕಚೇರಿಯಿದೆ, ಜನ ಒಗೆದ ಬಟ್ಟೆ ಒಣಹಾಕುತ್ತಾರೆ ಎಂದು ನಾನು ಮೊದಲೇ ಹೇಳಬೇಕಿತ್ತು. ಹೇಳಲಿಲ್ಲ. ವಾಪಸು ಬಂದ ವಾರವೇ ಬಸ್ಸಿನ ಅರ್ಧ ಜನ ಸಹಿ ಹಾಕಿದ ದೂರು ಫ್ರಾವ್ ಕ್ಲೈನ್ ಮೇಜಿನ ಮೇಲಿತ್ತು. ಮೊದಲ ಅಂಶ: ಆನೆ ಇರಲಿಲ್ಲ. ಅವರು ಗಂಭೀರವಾಗಿ ಓದಿ, ಪ್ರವಾಸದ ಕಾರ್ಯಕ್ರಮಪಟ್ಟಿಯಲ್ಲಿ ಆನೆಯನ್ನು ನಮೂದಿಸಿರಲಿಲ್ಲವೆಂದು ಉತ್ತರ ಟೈಪು ಮಾಡಿಸಿ ಮುದ್ರೆ ಒತ್ತಿದರು. ಜರ್ಮನಿಯಲ್ಲಿ ಕಾಗದದ ಮೇಲಿಲ್ಲದ ಆನೆಗೆ ಯಾರೂ ಹೊಣೆಯಲ್ಲ.

ಈಗಿನವರಿಗೆ ಎಲ್ಲವೂ ಫೋನಿನೊಳಗಿದೆ. ಆಗ ನನ್ನ ಬಳಿ ಇದ್ದದ್ದು ಇನ್ನೂರು ಪುಟದ ಒಂದು ನೋಟುಬುಕ್ಕು. ನಾನೇ ಸ್ಕೇಲು ಹಿಡಿದು ಗೆರೆ ಎಳೆದ ಕಾಲಮ್ಮುಗಳು: ಹೆಸರು, ಪಾಸ್‌ಪೋರ್ಟು, ಬ್ರಿಟಿಷ್ ವೀಸಾ, ಜರ್ಮನಿಯ ಚೀಟಿ, ಮೊಟ್ಟೆ ತಿನ್ನುತ್ತಾರೋ ಇಲ್ಲವೋ, ಈರುಳ್ಳಿ ತಿನ್ನುತ್ತಾರೋ ಇಲ್ಲವೋ, ವಾಂತಿ. ಕೊನೆಯ ಮೂರನ್ನು ಎರಡೆರಡು ಸಲ ವಿಚಾರಿಸುತ್ತಿದ್ದೆ. ‘ಜರ್ಮನಿಯ ಚೀಟಿ’ ಎಂದರೆ ಪಾಸ್‌ಪೋರ್ಟಿನೊಳಗೆ ಅಂಟಿಸಿರುತ್ತಿದ್ದ ವಾಸದ ಪರವಾನಗಿ. ಗ್ರೀನ್ ಕಾರ್ಡಿನವರು ಅದನ್ನು ತೋರಿಸಿ ಎಷ್ಟು ಸಲ ಬೇಕಾದರೂ ದೇಶದ ಹೊರಗೆ ಹೋಗಿ ಒಳಗೆ ಬರಬಹುದಿತ್ತು. ಒಂದು ವರ್ಷ ಅಂಥವರನ್ನೇ ಕರೆದೊಯ್ದು ನನ್ನ ಕಣ್ಣಿಗೆ ಅದೇ ಅಭ್ಯಾಸವಾಗಿಬಿಟ್ಟಿತು. ಹಸಿರು ಚೀಟಿ ಕಂಡಿತೋ, ಸರಿ ಗುರುತು. ಎರಡನೆಯ ವರ್ಷದಿಂದ ಇವರ ಅಪ್ಪ ಅಮ್ಮಂದಿರು, ಅತ್ತೆ ಮಾವಂದಿರು ಮೂರು ತಿಂಗಳ ವೀಸಾದ ಮೇಲೆ ಬರತೊಡಗಿದರು. ಅವರ ವೀಸಾದ ಚೀಟಿಯೂ ಹಸಿರೇ.

ವಾರಿಜಾಕ್ಷಿಯಮ್ಮ ಬಂದದ್ದು ಆ ಎರಡನೆಯ ವರ್ಷ. ಉಡುಪಿಯ ಕಡೆಯವರು, ಅರವತ್ತು ದಾಟಿದ್ದರು. ಸ್ಟುಟ್‌ಗಾರ್ಟ್ ಪಕ್ಕದ ಲಿಯೋನ್‌ಬೆರ್ಗ್‌ನಲ್ಲಿದ್ದ ಮಗಳು ರೂಪಾಳ ಚೊಚ್ಚಲ ಹೆರಿಗೆಗೆಂದು ಎರಡು ಸೂಟ್‌ಕೇಸು ತಂದಿದ್ದರು. ಅದರಲ್ಲಿ ಒಂದರ ತುಂಬ ಎಣ್ಣೆ, ಓಮ, ಮೆಂತೆ, ಬೆಲ್ಲ, ತೊಳೆದು ತೊಳೆದು ಮೆತ್ತಗಾದ ಹಳೆಯ ಸೀರೆಗಳು. ಹೆರಿಗೆಗೆ ಇನ್ನೂ ಐದು ವಾರವಿತ್ತು. ಅಳಿಯ ಪ್ರಶಾಂತ ಗ್ರೀನ್ ಕಾರ್ಡಿನ ಇಂಜಿನಿಯರ್. ವಿದೇಶಕ್ಕೆ ಬಂದ ಅತ್ತೆಗೆ ಏನನ್ನೂ ತೋರಿಸದೆ ಅಡುಗೆಮನೆಯಲ್ಲೇ ನಿಲ್ಲಿಸಿಕೊಂಡರೆ ಊರಲ್ಲಿ ನಾಲ್ಕು ಜನ ಏನೆಂದಾರು ಎಂಬ ಚಿಂತೆ ಅವನಿಗೆ. ನಮ್ಮವರಲ್ಲಿ ಇದೊಂದು ಕಡ್ಡಾಯ ವಿಧಿ: ಬಂದವರು ಏನನ್ನಾದರೂ ನೋಡಲೇಬೇಕು, ಅದರ ಮುಂದೆ ಸೀರೆಯ ಮೇಲೆ ಸ್ವೆಟರ್ ಹಾಕಿ ನಿಂತು ಫೋಟೋ ತೆಗೆಸಿಕೊಳ್ಳಲೇಬೇಕು. ಅವರಿಗೆ ಇಷ್ಟವಿದೆಯೇ ಎಂದು ಕೇಳುವ ಪದ್ಧತಿಯಿಲ್ಲ.

ಮೂವರೂ ನಮ್ಮ ಕಚೇರಿಗೆ ಬಂದರು.

‘ನನಗೆ ಎಂತಕ್ಕೆ ಮಾರಾಯ್ರೆ ಇದೆಲ್ಲ? ಹುಲಿ ಸಿಂಹ ನಮ್ಮಲ್ಲಿ ಇಲ್ವಾ?’ ಎಂದರು ವಾರಿಜಾಕ್ಷಿಯಮ್ಮ.

‘ಅತ್ತೆ, ಮಗು ಆದ್ಮೇಲೆ ನಿಮ್ಗೆ ಉಸಿರಾಡ್ಲಿಕ್ಕೂ ಟೈಮ್ ಸಿಗುದಿಲ್ಲ. ಈಗ್ಲೇ ಹೋಗಿ ಬನ್ನಿ. ಮೇಡಂ ಇದ್ದಾರಲ್ಲ’ ಎಂದ ಪ್ರಶಾಂತ. ಹೆಂಡತಿಯನ್ನು ಬಿಟ್ಟು ತಾನು ಬರುವಂತಿರಲಿಲ್ಲ. ಅತ್ತೆಯನ್ನು ನನ್ನ ಸುಪರ್ದಿಗೆ ಒಪ್ಪಿಸಲು ಬಂದಿದ್ದ.

ರೂಪಾ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಳು. ‘ಮೇಡಂ, ಏನೂ ತೊಂದ್ರೆ ಆಗುದಿಲ್ಲ ಅಲ್ವಾ? ಅಮ್ಮ ಹತ್ರ ಇಲ್ಲದಿದ್ರೆ ನನ್ನಿಂದ ಆಗುದಿಲ್ಲ.’

‘ಏನೂ ಆಗಂಗಿಲ್ಲವ್ವಾ. ನಾ ಅದೀನಲ್ಲ’ ಎಂದೆ.

ಹೊಸಬರು ಇದನ್ನು ಬರೆದಿಟ್ಟುಕೊಳ್ಳಿ. ಈ ವೃತ್ತಿಯಲ್ಲಿ ಯಾರಿಗೂ ಎಂದೂ ಹೇಳಬಾರದ ಮಾತು ಅದು.

ಪಾಸ್‌ಪೋರ್ಟು ತೆರೆದು ನೋಡಿದೆ. ಬ್ರಿಟಿಷ್ ವೀಸಾ, ಇದೆ. ಹಸಿರು ಚೀಟಿ, ಇದೆ. ಮೊಟ್ಟೆ, ಇಲ್ಲ. ಸಾಲಾಗಿ ಗುರುತು ಹಾಕಿದೆ.

ಪ್ರವಾಸ ಎಂದಿನಂತೆ ಹೊರಟಿತು. ಚಾಲಕ ಡೀಟರ್ ಬಸ್ಸಿನ ಗಾಜು ಒರೆಸಿ, ‘ಒಳಗೆ ಯಾರೂ ಕರಿದದ್ದನ್ನು ತಿನ್ನಬಾರದು’ ಎಂದು ಎಂದಿನಂತೆ ಘೋಷಿಸಿದ. ಎಲ್ಲರೂ ಎಂದಿನಂತೆ ತಲೆಯಾಡಿಸಿ ಪೊಟ್ಟಣ ಬಿಚ್ಚಿದರು. ಆಖೆನ್‌ನಲ್ಲಿ ಎಂಟು ಜನ ವಿದ್ಯಾರ್ಥಿಗಳು ಹತ್ತಿಕೊಂಡರು. ಅವರಲ್ಲಿ ಹುಬ್ಬಳ್ಳಿಯ ಸಂತೋಷ ನವೀನನ ಪಕ್ಕ ಕೂತು ಅರ್ಧ ಗಂಟೆಯಲ್ಲಿ ಅವನ ಜೀವದ ಗೆಳೆಯನಾದ. ಕಲೇ ಬಂದರಿನಲ್ಲಿ ಫ್ರಾನ್ಸಿನ ಅಧಿಕಾರಿ ಬಸ್ಸು ಹತ್ತಿ ಎಲ್ಲರ ಪಾಸ್‌ಪೋರ್ಟಿಗೆ ಠಪ್ ಠಪ್ ಎಂದು ಹೊರಹೋಗುವ ಮುದ್ರೆ ಒತ್ತಿದ. ಫ್ರಾನ್ಸಿಗೂ ಜರ್ಮನಿಗೂ ವೀಸಾ ಒಂದೇ, ಕಲೇ ದಾಟಿದರೆ ಎರಡರಿಂದಲೂ ಹೊರಬಿದ್ದಂತೆ. ಹಡಗು ಹತ್ತಿದಾಗ ವಾರಿಜಾಕ್ಷಿಯಮ್ಮ, ‘ನಮ್ಮ ಮಲ್ಪೆ ಸಮುದ್ರವೇ. ಸ್ವಲ್ಪ ತಣ್ಣಗೆ ಉಂಟು ಅಷ್ಟೆ’ ಎಂದರು.

ಎರಡನೆಯ ದಿನ ಹಕ್ಕಿಧಾಮ. ಜೌಗು ನೆಲದ ಅಂಚಿಗೆ ಮರದ ಒಂದು ಕೋಣೆ ಕಟ್ಟಿರುತ್ತಾರೆ. ಅದರೊಳಗೆ ಬೆಂಚಿನ ಮೇಲೆ ಕೂತು, ಗೋಡೆಯ ಉದ್ದನೆಯ ಸೀಳಿನಿಂದ ಹಕ್ಕಿ ನೋಡಬೇಕು. ಉಸಿರೂ ಕೇಳಿಸಬಾರದು. ನಾವು ಹೋದಾಗ ಇಂಗ್ಲಿಷ್ ಅಜ್ಜನೊಬ್ಬ ದೂರದರ್ಶಕ ಹಿಡಿದು ಬೆಳಗಿನಿಂದ ಕಾಯುತ್ತಿದ್ದ. ಜೊಂಡಿನಲ್ಲಿ ಅಡಗುವ ಕೊಕ್ಕರೆಯಂಥ ಒಂದು ಹಕ್ಕಿಯಂತೆ. ವರ್ಷಕ್ಕೊಮ್ಮೆ ಕಂಡರೆ ಪುಣ್ಯವಂತೆ. ಇಪ್ಪತ್ತು ನಿಮಿಷ ನಮ್ಮವರು ಸುಮ್ಮನಿದ್ದರು. ಫ್ರಾವ್ ಕ್ಲೈನ್ ನೋಡಿದ್ದರೆ ಕಣ್ಣೀರು ಹಾಕುತ್ತಿದ್ದರು. ಆಮೇಲೆ ವಾರಿಜಾಕ್ಷಿಯಮ್ಮನಿಗೆ ಆ ಅಜ್ಜನನ್ನು ನೋಡಿ ತಡೆಯಲಾಗಲಿಲ್ಲ. ‘ಪಾಪ, ಬೆಳಗಿನಿಂದ ಎಂತ ತಿಂದಿದ್ದಾರೋ ಏನೋ’ ಎಂದು ಪಿಸುಗುಟ್ಟಿ, ಚೀಲದಿಂದ ಚಕ್ಕುಲಿ ತೆಗೆದು ಅವನ ಕೈಗಿಟ್ಟರು. ಸೌಜನ್ಯದ ದೇಶ, ಬೇಡವೆನ್ನಲಾರದೆ ಅಜ್ಜ ಕಚ್ಚಿದ. ಆ ಕೋಣೆಯಲ್ಲಿ ಅಂಥ ಸದ್ದು ಹಿಂದೆ ಆಗಿರಲಿಕ್ಕಿಲ್ಲ. ಹತ್ತು ಗಜ ದೂರದ ಜೊಂಡಿನಿಂದ ಹಕ್ಕಿ ಭರ್ರನೆ ಎದ್ದು ನಮ್ಮ ಕಣ್ಣ ಮುಂದೆಯೇ ರೆಕ್ಕೆ ಬಿಚ್ಚಿ ಹಾರಿತು.

‘ಬಂತು, ಬಂತು, ಕ್ಯಾಮೆರಾ ತೆಗಿ ಮಗಾ!’ ಎಂದು ನವೀನ ಕೂಗಿದ.

ಅಜ್ಜ ದೂರದರ್ಶಕ ಕೆಳಗಿಟ್ಟು, ಇಷ್ಟು ಹತ್ತಿರದಿಂದ ತಾನು ಅದನ್ನು ಎಂದೂ ನೋಡಿರಲಿಲ್ಲ ಎಂದ. ಇನ್ನೊಂದು ಚಕ್ಕುಲಿ ಇದೆಯೇ ಎಂದೂ ಕೇಳಿದ.

ಮೂರನೆಯ ದಿನ ಮೃಗಾಲಯ. ಟಿಕೆಟ್ ಕಿಂಡಿಯಲ್ಲಿದ್ದ ಹುಡುಗಿ ಹಿರಿಯರಿಗೆ ರಿಯಾಯಿತಿಯಿದೆ, ವಯಸ್ಸಿನ ಪುರಾವೆ ಬೇಕು ಎಂದಳು. ರಿಯಾಯಿತಿ ಎಂಬ ಶಬ್ದ ಕಿವಿಗೆ ಬಿದ್ದರೆ ಪಾಸ್‌ಪೋರ್ಟು ತೆಗೆಯದ ಭಾರತೀಯಳು ನಾನಲ್ಲ. ಪ್ರಯಾಣಿಕರ ಪಾಸ್‌ಪೋರ್ಟೆಲ್ಲ ನನ್ನ ಚೀಲದಲ್ಲೇ ಇರುತ್ತಿದ್ದವು. ವಾರಿಜಾಕ್ಷಿಯಮ್ಮನದನ್ನು ತೆಗೆದು ಹುಟ್ಟಿದ ದಿನಾಂಕದ ಪುಟ ಹುಡುಕುವಾಗ ಹಸಿರು ಚೀಟಿಯ ಪುಟ ತೆರೆದುಕೊಂಡಿತು. ಅದರಲ್ಲಿ ಜರ್ಮನ್ ಭಾಷೆಯಲ್ಲಿ ‘ಪ್ರವೇಶಗಳ ಸಂಖ್ಯೆ’ ಎಂದು ಒಂದು ಜಾಗವಿದೆ. ಅಲ್ಲಿ 01 ಎಂದು ಬರೆದಿತ್ತು.

ಒಂದು ಸಲ ಒಳಗೆ ಬರಬಹುದು. ಬಂದಾಗಿತ್ತು. ನಾನೇ ಮೈಕು ಹಿಡಿದು ಸ್ವಾಗತ ಕೋರುತ್ತ ಹೊರಗೆ ಕರೆತಂದದ್ದೂ ಆಗಿತ್ತು. ಜರ್ಮನಿಗೆ ವಾಪಸು ಹೋಗಲು ಅವರ ಬಳಿ ಈಗ ವೀಸಾ ಇರಲಿಲ್ಲ. ಅತ್ತ ಮಗಳಿಗೆ ಒಂಬತ್ತನೆಯ ತಿಂಗಳು ನಡೆಯುತ್ತಿತ್ತು. ಎಲ್ಲರೂ ಪೆಂಗ್ವಿನ್ ನೋಡಲು ಓಡಿದರು. ನಾನು ಫೋನ್ ಬೂತಿಗೆ ಓಡಿದೆ.

ಮೊದಲು ಪ್ರಶಾಂತನಿಗೆ ಮಾಡಿದೆ. ‘ಅರ್ಜಿಯಲ್ಲಿ ಎಷ್ಟು ಸಲ ಬರ್ತೀರಿ ಅಂತ ಕೇಳಿದ್ರು ಮೇಡಂ. ಅತ್ತೆ ಬರುದು ಒಂದೇ ಸಲ ಅಲ್ವಾ? ನಿಜವನ್ನೇ ಬರೆದೆ’ ಎಂದ. ಸತ್ಯವಂತ. ತುಸು ತಡೆದು, ‘ನೀವು ನೋಡಿದ್ರಲ್ಲ ಮೇಡಂ, ಪಾಸ್‌ಪೋರ್ಟು?’ ಎಂದ.

ಆಮೇಲೆ ಫ್ರಾವ್ ಕ್ಲೈನ್. ಅವರು ಎಲ್ಲವನ್ನೂ ಕೇಳಿಕೊಂಡು, ‘ಬಸ್ಸು ಭಾನುವಾರ ಸಂಜೆ ಇಲ್ಲಿರಬೇಕು. ಸೋಮವಾರ ನಿವೃತ್ತರ ಸಂಘದವರಿದ್ದಾರೆ’ ಎಂದರು. ಎಂಥ ಕಲ್ಲೆದೆ ಎಂದು ನಾನು ಅಂದುಕೊಳ್ಳುವಷ್ಟರಲ್ಲಿ, ‘ನೀವು ಬಸ್ಸಿನಲ್ಲಿ ಬರಬೇಡಿ. ಆ ತಾಯಿಯ ಜೊತೆಗಿರಿ. ಇಲ್ಲಿನ ಕಾಗದಪತ್ರ ನನಗೆ ಬಿಡಿ’ ಎಂದು ಫೋನಿಟ್ಟರು. ಯೋಗ ಇಷ್ಟರ ಮಟ್ಟಿಗೆ ಕೆಲಸ ಮಾಡುತ್ತದೆಂದು ನನಗೆ ಗೊತ್ತಿರಲಿಲ್ಲ.

ಎಲ್ಲರೂ ಬಸ್ಸಿಗೆ ಬಂದ ಮೇಲೆ ವಾರಿಜಾಕ್ಷಿಯಮ್ಮನ ಸೀಟಿನ ಪಕ್ಕ ಮೊಣಕಾಲೂರಿ ವಿಷಯ ಹೇಳಿದೆ. ಮೆಲ್ಲಗೇ ಹೇಳಿದೆ. ಆದರೆ ನಮ್ಮವರ ಬಸ್ಸಿನಲ್ಲಿ ಮೆಲ್ಲಗೆ ಹೇಳಿದ್ದು ಕೊನೆಯ ಸೀಟಿಗೆ ಮೊದಲು ಮುಟ್ಟುತ್ತದೆ.

‘ವಾಪಸು ಹೋಗುವಾಗ ಕಲೇಯಲ್ಲಿ ಹತ್ತಕ್ಕೆ ಎಂಟು ಸಲ ಅಧಿಕಾರಿಗಳು ಒಳಗೆ ಹತ್ತಿ ನೋಡುವುದೇ ಇಲ್ಲ’ ಎಂದು ಡೀಟರ್ ತನ್ನ ಅನುಭವ ಹೇಳಿದ.

ಇಂಜಿನಿಯರುಗಳಿಗೆ ಅಷ್ಟು ಸಾಕಾಯಿತು. ‘ಸಿಂಪಲ್ ಮಗಾ’ ಎಂದ ನವೀನ. ‘ಚೆಕಿಂಗ್ ಬಂದ್ರೆ ಆಂಟಿ ಹತ್ತು ನಿಮಿಷ ಬಸ್ ಟಾಯ್ಲೆಟ್ಟಲ್ಲಿ ಕೂತ್ಕೊಂಡ್ರೆ ಆಯ್ತು.’

‘ಲೇ, ತಲಿ ಐತೇನ್ ನಿನಗ?’ ಎಂದ ಸಂತೋಷ. ‘ಸಿಕ್ಕಿಬಿದ್ರ ಆಂಟಿ ಸೀದಾ ಮುಂಬೈಗೆ, ನಿನ್ನ ಗ್ರೀನ್ ಕಾರ್ಡ್ ಸೀದಾ ಕಸದ ಬುಟ್ಟಿಗೆ.’

‘ಹಂಗಾದ್ರೆ ಹಿಂದಿನ ಸೀಟಲ್ಲಿ ಮಲಗಿಸಿ ಮೇಲೆ ಜಾಕೆಟ್ ರಾಶಿ ಹಾಕೋಣ ಗುರು.’

‘ಆಂಟಿ ಉಸಿರು ಯಾರ್ ಬಿಡಬೇಕು, ನೀ ಬಿಡ್ತೀಯೇನ್?’

ನಿಜ ಹೇಳಬೇಕೆಂದರೆ ನಾನು ಆ ಮಾತುಗಳನ್ನು ತಡೆಯಲಿಲ್ಲ. ಹತ್ತಕ್ಕೆ ಎಂಟು ಎಂಬ ಲೆಕ್ಕ ನನ್ನ ತಲೆಯಲ್ಲೂ ಓಡುತ್ತಿತ್ತು. ತಡೆದದ್ದು ವಾರಿಜಾಕ್ಷಿಯಮ್ಮ. ಸೀಟು ಹಿಡಿದು ಎದ್ದು ನಿಂತರು.

‘ಎಂತದು, ನನ್ನನ್ನು ಕಕ್ಕಸಲ್ಲಿ ಅಡಗಿಸುದಾ? ಮಗು ಹುಟ್ಟುವ ಮನೆಗೆ ನಾನು ಕದ್ದು ಹೋಗ್ಬೇಕಾ? ನಾಳೆ ಪೊಲೀಸರು ಬಂದು ಬಾಗಿಲು ಬಡಿದ್ರೆ ಬಾಣಂತಿ ಎದ್ದು ಉತ್ತರ ಕೊಡ್ಬೇಕಾ? ಅದೆಲ್ಲ ಆಗ್ಲಿಕ್ಕಿಲ್ಲ. ಸರಿಯಾದ ಚೀಟಿ ಮಾಡಿಸ್ಕೊಂಡೇ ಹೋಗುದು.’ ಆಮೇಲೆ ನನ್ನತ್ತ ತಿರುಗಿದರು. ‘ಎಷ್ಟು ದಿನ ಬೇಕಾಗ್ತದೆ?’

‘ಗೊತ್ತಿಲ್ರಿ ಅಮ್ಮಾರ.’

‘ಹಾಂ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತ ನೀವು ಹೇಳಿದ್ದು ಇದೇ ಮೊದ್ಲು’ ಎಂದು ಕೂತರು.

ಮರುದಿನ ಲೇಕ್ ಡಿಸ್ಟ್ರಿಕ್ಟ್. ಬೆಟ್ಟ, ಕೆರೆ, ಮೋಡ ಎಲ್ಲವೂ ಕಾರ್ಯಕ್ರಮಪಟ್ಟಿಯಲ್ಲಿ ನಮೂದಿಸಿದಂತೆಯೇ ಇದ್ದವು. ಯಾರೂ ನೋಡಲಿಲ್ಲ. ಎರಡು ತಾಸು ಬರೀ ಕುರಿ ಬಂದರೂ ನವೀನ ಒಂದು ಮಾತಾಡಲಿಲ್ಲ.

ಬಸ್ಸು ನಮ್ಮಿಬ್ಬರನ್ನು ಲಂಡನ್ನಿನಲ್ಲಿ ಇಳಿಸಿ ಮುಂದೆ ಹೋಯಿತು. ಜರ್ಮನ್ ರಾಯಭಾರ ಕಚೇರಿಯಲ್ಲಿ ವೀಸಾ ಕೊಡುವುದು ಬ್ರಿಟನ್ನಿನಲ್ಲಿ ವಾಸವಿರುವವರಿಗೆ ಮಾತ್ರ, ಪ್ರವಾಸಕ್ಕೆ ಬಂದವರು ತಮ್ಮ ದೇಶಕ್ಕೆ ಹೋಗಿ ಅರ್ಜಿ ಹಾಕಬೇಕು ಎಂದು ಕಿಂಡಿಯಲ್ಲಿದ್ದವರು ಸಮಾಧಾನದಿಂದ ವಿವರಿಸಿದರು. ನಾನು ಹೆರಿಗೆಯ ವಿಷಯ ಹೇಳಿದೆ. ಅದು ಪುರಾವೆಯೊಂದಿಗೆ ಬಂದರೆ ವಿಶೇಷ ಪ್ರಕರಣವೆಂದು ಪರಿಗಣಿಸಬಹುದು: ವೈದ್ಯರ ಪತ್ರ, ಮಗಳು ಇರುವ ಊರಿನ ವಿದೇಶಿಯರ ಕಚೇರಿಯ ಒಪ್ಪಿಗೆ, ಎರಡೂ ಫ್ಯಾಕ್ಸಿನಲ್ಲಿ ಬರಲಿ ಎಂದರು. ‘ಅವರು ಬಾಣಂತಿಗೆ ಏನು ಮಾಡುತ್ತಾರೆ?’ ಎಂದೂ ಕೇಳಿದರು. ಬಾಣಂತನವನ್ನು ನಾನು ಜರ್ಮನ್ ಭಾಷೆಗೆ ಬಹಳ ಕಷ್ಟಪಟ್ಟು ಒಯ್ದೆ. ಅವರು ‘ಗೃಹಕೃತ್ಯದ ನೆರವು’ ಎಂದು ಬರೆದುಕೊಂಡರು. ವಾರಿಜಾಕ್ಷಿಯಮ್ಮನಿಗೆ ಇದನ್ನು ಅನುವಾದಿಸಿ ಹೇಳಲಿಲ್ಲ.

ನಾವು ಉಳಿದದ್ದು ಗುಜರಾತಿ ಹೆಂಗಸೊಬ್ಬರ ಕೋಣೆಯಲ್ಲಿ. ಬೆಳಿಗ್ಗೆ ಹತ್ತಕ್ಕೆ ಹೊರಗೆ ಹೋಗಬೇಕು, ನಾಲ್ಕಕ್ಕೆ ಒಳಗೆ ಬರಬಹುದು. ಆರು ತಾಸು ಎಲ್ಲಿರುವುದು? ನನ್ನ ವೃತ್ತಿಯ ಗುರುತುಚೀಟಿ ತೋರಿಸಿದರೆ ಊರಿನ ಮೃಗಾಲಯಕ್ಕೆ ಇಬ್ಬರನ್ನು ಸುಮ್ಮನೆ ಬಿಡುತ್ತಿದ್ದರು. ಹೀಗೆ, ಪ್ರಾಣಿ ನೋಡಲು ಇಷ್ಟವಿಲ್ಲವೆಂದಿದ್ದ ವಾರಿಜಾಕ್ಷಿಯಮ್ಮ ಹನ್ನೊಂದು ದಿನ ಪ್ರಾಣಿಗಳನ್ನೇ ನೋಡಿದರು. ಊರಿನ ನಾಲ್ಕು ಜನ ಮೆಚ್ಚುವಂತೆ ಅತ್ತೆಗೆ ಇದಕ್ಕಿಂತ ಹೆಚ್ಚಿನದನ್ನು ಯಾವ ಅಳಿಯನೂ ತೋರಿಸಿರಲಾರ.

ಜಿರಾಫೆಯ ಮನೆಯ ಅರ್ಧಕ್ಕೆ ಹಗ್ಗ ಕಟ್ಟಿದ್ದರು. ಗಬ್ಬದ ಜಿರಾಫೆಯಿದೆ, ದಿನ ತುಂಬಿದೆ, ಸದ್ದು ಮಾಡಬೇಡಿ ಎಂದು ಫಲಕ. ವಾರಿಜಾಕ್ಷಿಯಮ್ಮ ದಿನಾ ಆ ಹಗ್ಗದ ಎದುರಿನ ಬೆಂಚಿನಲ್ಲಿ ಕೂರತೊಡಗಿದರು. ನೋಡಿಕೊಳ್ಳುವ ಹುಡುಗಿ ಬಂದರೆ ನನ್ನ ಮೂಲಕ ವಿಚಾರಣೆ.

‘ನಿಂತೇ ಹೆರುದಂತಾ?’

‘ಹೌದಂತ್ರಿ. ಮರಿ ಆರು ಅಡಿ ಎತ್ತರದಿಂದ ಬೀಳ್ತದಂತ.’

‘ದೇವ್ರೇ. ಹಿಡಿಲಿಕ್ಕೆ ಯಾರೂ ಇಲ್ವಾ?’

‘ಕೆಳಗ ಹುಲ್ಲು ಹಾಸಿರ್ತಾರಂತ. ರಾತ್ರಿ ಹಗಲು ಮೂರು ಮಂದಿ ಪಾಳಿ ಮ್ಯಾಲೆ ಕಾಯ್ತಾರಂತ.’

‘ಮೂರು ಜನ’ ಎಂದರು ಅವರು.

ಅತ್ತ ಫ್ರಾವ್ ಕ್ಲೈನ್ ವಿದೇಶಿಯರ ಕಚೇರಿಯ ಮುಂದೆ ಬಾಗಿಲು ತೆರೆಯುವ ಮೊದಲೇ ನಿಲ್ಲುತ್ತಿದ್ದರಂತೆ. ದಿನಕ್ಕೊಂದು ಫ್ಯಾಕ್ಸ್ ಕಳಿಸಿ, ಅದು ತಲುಪಿತೇ ಎಂದು ಕೇಳಲು ಇನ್ನೊಂದು ಫ್ಯಾಕ್ಸ್. ನಡುವೆ ನನ್ನ ನೋಟುಬುಕ್ಕಿನ ಬದಲು ಅಚ್ಚು ಮಾಡಿದ ನಮೂನೆಯನ್ನೂ ತಯಾರಿಸಿದರು. ಅದರ ಮೊದಲ ಕಾಲಂ ‘ಮರುಪ್ರವೇಶ’. ವಾಂತಿ ಕೊನೆಗೆ ಹೋಗಿತ್ತು. ನನ್ನನ್ನು ಕೆಲಸದಿಂದ ತೆಗೆಯುತ್ತಾರೆಂದುಕೊಂಡಿದ್ದೆ. ಅವರು ನಮೂನೆಯ ಪ್ರತಿಯನ್ನು ನನಗೇ ಫ್ಯಾಕ್ಸ್ ಮಾಡಿ, ಕಾಗುಣಿತ ನೋಡಿ ಎಂದರು. ಬೈಗುಳ ತಿಂದಿದ್ದರೆ ಹಗುರವಾಗುತ್ತಿತ್ತು.

ಐದನೆಯ ದಿನ ಬೆಳಿಗ್ಗೆ ಫೋನ್ ಬೂತಿನಿಂದ ಎಂದಿನಂತೆ ಲಿಯೋನ್‌ಬೆರ್ಗ್‌ಗೆ ಕರೆ ಮಾಡಿದಾಗ ಯಾರೂ ಎತ್ತಲಿಲ್ಲ. ಹತ್ತಕ್ಕೆ, ಹನ್ನೊಂದಕ್ಕೆ, ಹನ್ನೆರಡಕ್ಕೆ ಮಾಡಿದೆವು. ಒಂದಕ್ಕೆ ಪ್ರಶಾಂತ ಎತ್ತಿದ. ಇಬ್ಬರೂ ಒಂದೇ ರಿಸೀವರಿಗೆ ಕಿವಿ ಹಚ್ಚಿದೆವು. ಮೂರು ವಾರ ಮೊದಲೇ ನೋವು ಬಂದು ಆಸ್ಪತ್ರೆಗೆ ಓಡಿದ್ದರಂತೆ. ಹೆಣ್ಣು ಮಗು. ಇಬ್ಬರೂ ಕ್ಷೇಮ. ಹೇಳುತ್ತಲೇ ಅವನು ಅತ್ತ. ವಾರಿಜಾಕ್ಷಿಯಮ್ಮ ಅಳಲಿಲ್ಲ. ಮಗು ಎಷ್ಟು ತೂಕ, ಹುಟ್ಟಿದ ಕೂಡಲೇ ಅತ್ತಿತೇ ಎಂದು ಕೇಳಿ, ಕೊನೆಗೆ, ‘ರೂಪಾ ಎಂತ ತಿಂದ್ಲು?’ ಎಂದರು.

‘ಆಸ್ಪತ್ರೆಯಲ್ಲಿ ಬ್ರೆಡ್ಡು, ಚೀಸು ಕೊಟ್ರು ಅತ್ತೆ. ತಣ್ಣಗಿತ್ತು.’

‘ಬಿಸಿ ಎಂತದೂ ಇಲ್ವಾ?’

‘ಟೀ ಕೊಟ್ರು. ಅದೂ ಸೊಪ್ಪಿನ ಟೀ.’

‘ನೋವು ಬಂದಾಗ ಕೂಗಿದ್ಲಾ?’

‘ನಿಮ್ಮನ್ನೇ ಕರೀತಿದ್ಲು’ ಎಂದ.

ಆ ದಿನ ಅವರು ಜಿರಾಫೆಯ ಬೆಂಚಿಗೆ ಬರಲಿಲ್ಲ. ಮೃಗಾಲಯದ ಬಾಗಿಲಲ್ಲೇ ಒಂದು ಕಟ್ಟೆಯ ಮೇಲೆ ನಾಲ್ಕು ಗಂಟೆಯವರೆಗೆ ಕೂತರು. ನಾನು ಪಕ್ಕದಲ್ಲಿ ಕೂತೆ. ಇಪ್ಪತ್ತು ವರ್ಷ ಮೈಕು ಹಿಡಿದು ಬದುಕಿದವಳಿಗೆ ಅಷ್ಟು ದೀರ್ಘವಾದ ದಿನ ಇನ್ನೊಂದಿಲ್ಲ. ಮರುದಿನ ಆಸ್ಪತ್ರೆಯ ಕೋಣೆಗೆ ಫೋನ್ ಮಾಡಿದಾಗ ರೂಪಾಳ ಜೊತೆ ಮಾತಾಡಬಹುದೇ ಎಂದು ನಾನೂ ಕೇಳಿದೆ. ಅವಳಿಗೆ ನಿದ್ದೆ ಬಂದಿದೆ ಎಂದ ಪ್ರಶಾಂತ. ಅದರ ಮರುದಿನವೂ ನಿದ್ದೆ ಬಂದಿತ್ತು.

ಹನ್ನೊಂದನೆಯ ದಿನ ವೀಸಾ ಕೈಗೆ ಬಂತು. ಪ್ರವೇಶಗಳ ಸಂಖ್ಯೆಯನ್ನು ನಾನು ಕಿಂಡಿಯಲ್ಲೇ ಮೂರು ಸಲ ಓದಿದೆ. ಜಿರಾಫೆ ಹೆತ್ತಿತೋ ಇಲ್ಲವೋ ತಿಳಿಯಲಿಲ್ಲ. ಅಂದೇ ವಿಮಾನ ಹತ್ತಿದೆವು. ಸ್ಟುಟ್‌ಗಾರ್ಟಿನಲ್ಲಿ ಅಧಿಕಾರಿ ಚೀಟಿ ನೋಡಿ, ಮುದ್ರೆ ಒತ್ತಿ, ಶುಭದಿನ ಎಂದ. ಅರ್ಧ ನಿಮಿಷದ ಕೆಲಸ.

ರೂಪಾ ಹಿಂದಿನ ದಿನವಷ್ಟೇ ಆಸ್ಪತ್ರೆಯಿಂದ ಬಂದಿದ್ದಳು. ಬಾಗಿಲಲ್ಲಿ ಅಮ್ಮನ ಹೆಗಲಿಗೆ ಮುಖ ಒತ್ತಿ ಬಹಳ ಹೊತ್ತು ನಿಂತಳು. ನನ್ನ ಕಡೆ ನೋಡಲಿಲ್ಲ. ನಾನು ಸೂಟ್‌ಕೇಸನ್ನು ಗೋಡೆಗೆ ಆನಿಸಿಟ್ಟು ಮೆಟ್ಟಿಲಿಗೆ ತಿರುಗಿದೆ.

‘ಎಲ್ಲಿಗೆ?’ ಎಂದರು ವಾರಿಜಾಕ್ಷಿಯಮ್ಮ ಒಳಗಿನಿಂದ.

‘ಮನಿಗೆ ಹೋಗ್ತೇನ್ರಿ ಅಮ್ಮಾರ.’

‘ಮನೆಗೆ ಮತ್ತೆ ಹೋಗುದು. ಈಗ ಅಂಗಿ ತೋಳು ಮಡಚಿ ಬಾ. ಮಗುವಿಗೆ ನೀರು ಹೊಯ್ಲಿಕ್ಕೆ ಒಬ್ಳು ಬೇಕು.’ ನನ್ನನ್ನು ಅವರು ಏಕವಚನದಲ್ಲಿ ಕರೆದದ್ದು ಅದೇ ಮೊದಲು.

‘ಅತ್ತೆ, ಹೆಬಾಮೆ ವಾರಕ್ಕೆ ಎರಡೇ ಸಲ ಸ್ನಾನ ಸಾಕು ಅಂತ ಹೇಳಿದ್ದಾಳೆ’ ಎಂದ ಪ್ರಶಾಂತ. ಹೆಬಾಮೆ ಎಂದರೆ ಹೆರಿಗೆಯ ನಂತರ ಮನೆಗೇ ಬಂದು ತಾಯಿ ಮಗುವನ್ನು ನೋಡಿಹೋಗುವ ಸೂಲಗಿತ್ತಿ. ‘ಎಣ್ಣೆಯೂ ಬೇಡವಂತೆ.’

‘ಅವಳು ಬರುದು ಯಾವಾಗ?’

‘ನಾಳೆ.’

‘ಹಾಗಾದ್ರೆ ನಾಳೆ ಅವಳ ಹತ್ರ ನಾನೇ ಮಾತಾಡ್ತೇನೆ. ನೀವು ಆಚೆ ನಿಲ್ಲಿ.’

ಜರ್ಮನಿಯ ಮನೆಯಲ್ಲಿ ಬಚ್ಚಲುಕಟ್ಟೆ ಎಲ್ಲಿಂದ ಬರಬೇಕು? ವಾರಿಜಾಕ್ಷಿಯಮ್ಮ ಖಾಲಿ ಸ್ನಾನದ ತೊಟ್ಟಿಯೊಳಗೆ ಇಳಿದು, ಸೀರೆ ಎತ್ತಿಕಟ್ಟಿ, ಪ್ಲಾಸ್ಟಿಕ್ ಮಣೆಯ ಮೇಲೆ ಕಾಲು ಚಾಚಿ ಕೂತರು. ಮಗುವನ್ನು ಕಾಲಿನ ಮೇಲೆ ಮಲಗಿಸಿ ಎಣ್ಣೆ ಹಚ್ಚಿದರು. ನಾನು ತೊಟ್ಟಿಯ ಹೊರಗೆ ಮೊಣಕಾಲೂರಿ, ಬಕೆಟ್ಟಿನಲ್ಲಿ ಬಿಸಿನೀರಿಗೆ ತಣ್ಣೀರು ಬೆರೆಸಿ ಹದ ಮಾಡಿದೆ. ರೂಪಾ ಶಾಲು ಹೊದ್ದು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಚೊಂಬಿನಂಥ ಜಗ್ಗಿನಲ್ಲಿ ನೀರು ತುಂಬಿ ಎತ್ತಿದೆ.

‘ನಿಲ್ಲಿ’ ಎಂದಳು ರೂಪಾ. ಕಚೇರಿಯ ಆ ದಿನದ ನಂತರ ಅವಳು ನನ್ನೊಡನೆ ಆಡಿದ ಮೊದಲ ಮಾತು.

‘ಸರಿ ಐತವ್ವಾ, ನಾ ನೋಡೇನಿ’ ಎನ್ನಲು ಬಾಯಿ ತೆರೆದವಳು ಮುಚ್ಚಿಕೊಂಡೆ. ಅವಳು ನಿಧಾನವಾಗಿ ಗೋಡೆ ಹಿಡಿದುಕೊಂಡು ಬಂದು, ಬಗ್ಗಲಾಗದೆ ಬಗ್ಗಿ, ಬಕೆಟ್ಟಿನೊಳಗೆ ಮಣಿಕಟ್ಟಿನವರೆಗೆ ಕೈ ಅದ್ದಿದಳು. ಸ್ವಲ್ಪ ಹೊತ್ತು ಹಾಗೇ ಹಿಡಿದಳು. ನಲ್ಲಿ ತಿರುಗಿಸಿ ಒಂದು ಹನಿ ತಣ್ಣೀರು ಬಿಟ್ಟು, ಮತ್ತೆ ಅದ್ದಿ ನೋಡಿದಳು.

‘ಈಗ ಸರಿ ಉಂಟು’ ಎಂದಳು. ‘ಹೊಯ್ಯಿರಿ.’

ಹೊಯ್ದೆ.